ಬಿಟ್ಟುಕೊಟ್ಟದ್ದರ ರುಚಿ

ಹಜ್ಜ್‌ಗೆ ಹೋಗಿ ಬಂದ ನಮ್ಮ ಹಿರಿಯರಲ್ಲಿ ಇಂಡೋನೇಷ್ಯಾದವರ ಬಗ್ಗೆ ಒಂದೆರಡು ಒಳ್ಳೆಯ ಮಾತು ಹೇಳದವರು ವಿರಳ. ಸಾಲು ತಪ್ಪದೆ, ಗದ್ದಲವಿಲ್ಲದೆ, ಒಬ್ಬರ ಹಿಂದೊಬ್ಬರು ನಡೆಯುವವರು ಎಂದು ಹೊಗಳುತ್ತಾರೆ. ಹಜ್ಜ್‌ಗೆ ಅತಿ ದೊಡ್ಡ ತಂಡವನ್ನು ಕಳುಹಿಸುವ ದೇಶ ಅದು. ಆದರೆ ಅವರ ಅಡುಗೆಮನೆಯ ಬಗ್ಗೆ ನಮಗೆ ತಿಳಿದಿರುವುದು ಅಲ್ಪ. ನಾಸಿ ಗೋರೆಂಗ್ ಎಂಬ ಹುರಿದ ಅನ್ನ ನಗರದ ಹೋಟೆಲ್‌ಗಳ ಪಟ್ಟಿ ಸೇರಿ ಬಹಳ ಕಾಲವಾಯಿತು. ರೆಂದಾಂಗ್ ಎಂಬ ಮಾಂಸದ ಪದಾರ್ಥದ ಹೆಸರನ್ನೂ ಕೆಲವರು ಕೇಳಿರಬಹುದು. ನಮ್ಮ ಪರಿಚಯ ಅಲ್ಲಿಗೆ ನಿಲ್ಲುತ್ತದೆ.

ಆ ದೇಶದ ಜನ ದಿನನಿತ್ಯ ಉಣ್ಣುವ ಅಡುಗೆಗಳಲ್ಲಿ ಸೋತೋ ಎಂಬುದು ಮುಖ್ಯವಾದದ್ದು. ಸೋತೋ ಎಂದರೆ ಮಾಂಸ ಬೇಯಿಸಿದ ಮಸಾಲೆ ಸಾರು. ನಮ್ಮಲ್ಲಿ ಊರಿಗೊಂದು ಬಗೆಯ ಬಿರಿಯಾನಿ ಇರುವಂತೆ ಅಲ್ಲಿ ಊರಿಗೊಂದು ಸೋತೋ. ಜಕಾರ್ತದ ಬೆತಾವಿ ಜನರ ಸೋತೋಗೆ ತೆಂಗಿನ ಹಾಲು ಬೀಳುತ್ತದೆ. ಪೂರ್ವ ಜಾವಾದ ಲಾಮೊಂಗಾನ್‌ನಲ್ಲಿ ಸಿಗಡಿ ಹಪ್ಪಳ ಮತ್ತು ಹುರಿದ ಬೆಳ್ಳುಳ್ಳಿಯನ್ನು ಪುಡಿಮಾಡಿ ಮೇಲೆ ಉದುರಿಸುತ್ತಾರೆ. ಬೋರ್ನಿಯೋದ ಬಂಜಾರ್ ಜನರದ್ದಕ್ಕೆ ಚಕ್ಕೆ ಲವಂಗದ ಘಮ. ಮಕಸ್ಸಾರ್‌ನವರು ಅದನ್ನು ಚೋತೋ ಎಂದು ಕರೆದು ಕಡಲೆಕಾಯಿ ಅರೆದು ಗಟ್ಟಿ ಮಾಡುತ್ತಾರೆ. ಹೀಗೆ ಹೇಳುತ್ತಾ ಹೋದರೆ ಲೇಖನವೆಲ್ಲ ಅಡುಗೆ ಪಟ್ಟಿಯಾದೀತು. ನಾವಿಲ್ಲಿ ಮಾತನಾಡಬೇಕೆಂದಿರುವುದು ಒಂದೇ ಒಂದು ಊರಿನ ಸೋತೋ ಬಗ್ಗೆ, ಅದರ ಬಟ್ಟಲಲ್ಲಿ ಏನಿದೆ ಎನ್ನುವುದಕ್ಕಿಂತ ಏನಿಲ್ಲ ಎನ್ನುವುದರ ಬಗ್ಗೆ.

ಮಧ್ಯ ಜಾವಾದ ಸೆಮರಾಂಗ್ ನಗರದಿಂದ ಸುಮಾರು 50 ಕಿಲೋಮೀಟರ್ ಪೂರ್ವಕ್ಕೆ ಕುದುಸ್ ಎಂಬ ಊರಿದೆ. ಹೆಸರು ಕೇಳಿದೊಡನೆ ಓದುಗರಿಗೆ ಅಲ್‌ಕುದ್ಸ್, ಅಂದರೆ ಜೆರುಸಲೇಮ್ ನೆನಪಾಗಿರಬಹುದು. ಅದು ಸರಿಯೇ. ಊರಿನ ಹಳೆಯ ಮಸೀದಿಗೂ ಅಲ್‌ಅಕ್ಸಾ ಎಂದೇ ಹೆಸರು. ಅಲ್ಲಿನ ಶಿಲಾಫಲಕದಲ್ಲಿ ಹಿಜರಿ 956, ಅಂದರೆ ಕ್ರಿ.ಶ. 1549ರ ಉಲ್ಲೇಖವಿದೆ. ಮಸೀದಿಯ ಮಿನಾರವಂತೂ ಮೊದಲ ಸಲ ನೋಡುವವರನ್ನು ಗಲಿಬಿಲಿಗೊಳಿಸುತ್ತದೆ. ಕೆಂಪು ಇಟ್ಟಿಗೆಯಲ್ಲಿ ಕಟ್ಟಿದ ಅದು ಥೇಟು ಹಳೆಯ ಜಾವಾದ ದೇವಾಲಯದಂತೆಯೇ ಇದೆ. ಗೋಡೆಗಳಲ್ಲಿ ಪಿಂಗಾಣಿ ತಟ್ಟೆಗಳನ್ನು ಕೂರಿಸಿದ್ದಾರೆ. ತುದಿಯಲ್ಲಿ ನಮಾಝಿನ ವೇಳೆ ಸಾರುವ ದೊಡ್ಡ ನಗಾರಿ ಇದೆ.

ಈ ಊರಿನ ಸೋತೋ ಬರುವುದು ಅಂಗೈಯಗಲದ ಚಿಕ್ಕ ಬಟ್ಟಲಿನಲ್ಲಿ. ತಳದಲ್ಲಿ ಅನ್ನ, ಅದರ ಮೇಲೆ ಹೆಸರುಕಾಳಿನ ಮೊಳಕೆ, ಎಳೆ ಎಳೆಯಾಗಿ ಬಿಡಿಸಿದ ಮಾಂಸ, ಅದರ ಮೇಲೆ ಕುದಿಯುವ ಸಾರು. ಅರಿಶಿನ ಹದವಾಗಿ ಹಾಕಿದ ತಿಳಿ ಸಾರು ಅದು. ಬೆಳ್ಳುಳ್ಳಿ, ಶುಂಠಿ, ಕೊತ್ತಂಬರಿ ಬೀಜದ ಜೊತೆ ಶುಂಠಿಯ ದಾಯಾದಿಯಂತಿರುವ ಲೆಂಗ್ಕುವಾಸ್ ಎಂಬ ಗೆಡ್ಡೆ ಅದರಲ್ಲಿರುತ್ತದೆ. ಮೇಲೆ ಹುರಿದ ಬೆಳ್ಳುಳ್ಳಿ, ಸೆಲರಿ ಸೊಪ್ಪು. ಪಕ್ಕದಲ್ಲಿ ನಿಂಬೆಹೋಳು, ಖಾರದ ಚಟ್ನಿ. ನಾಲ್ಕು ತುತ್ತಿಗೆ ಬಟ್ಟಲು ಖಾಲಿ. ಹಸಿವಿದ್ದವರು ಎರಡನೆಯದನ್ನು ಕೇಳುತ್ತಾರೆ. ಮಾಂಸ ಕೋಳಿಯದ್ದಿರಬಹುದು. ಅದಲ್ಲದಿದ್ದರೆ ಕೋಣದ್ದು ಅಥವಾ ಎಮ್ಮೆಯದ್ದು. ದನದ ಮಾಂಸ ಹಾಕುವುದು ಈ ಊರಿನ ರೂಢಿಯಲ್ಲ.

ಸೋತೋ ಮಾತ್ರವಲ್ಲ, ಊರಿನ ಬೇರೆ ಅಡುಗೆಗಳ ಕಥೆಯೂ ಇದೇ. ಇಂಡೋನೇಷ್ಯಾದಲ್ಲಿ ಎಲ್ಲೆಡೆ ಸಿಗುವ ಸಾತೆ, ಅಂದರೆ ಕಡ್ಡಿಗೆ ಪೋಣಿಸಿ ಕೆಂಡದಲ್ಲಿ ಸುಟ್ಟ ಮಾಂಸ, ಇಲ್ಲಿ ಕೋಣದ್ದಾಗಿರುತ್ತದೆ. ಕೋಣದ ಮಾಂಸದ ಎಳೆ ಒರಟು. ಹಾಗಾಗಿ ಅದನ್ನು ಮೊದಲು ಜಜ್ಜಿ, ತಾಳೆಬೆಲ್ಲ, ಕೊತ್ತಂಬರಿ ಬೀಜ, ಬೆಳ್ಳುಳ್ಳಿಯಲ್ಲಿ ಕಲಸಿಟ್ಟು ಮೆದುಮಾಡಿಕೊಂಡು ಸುಡುತ್ತಾರೆ. ನಾಸಿ ಪಿಂದಾಂಗ್ ಎಂಬ ಇನ್ನೊಂದು ಊಟವಿದೆ. ಅದರ ಸಾರು ಕಪ್ಪಗಿರುತ್ತದೆ. ಕಪ್ಪು ಬರುವುದು ಕ್ಲುವಾಕ್ ಎಂಬ ಬೀಜದಿಂದ. ಹಸಿಯಾಗಿದ್ದಾಗ ಆ ಬೀಜ ವಿಷ, ಸಯನೈಡ್ ಇರುವಂಥದ್ದು. ಅದನ್ನು ಬೇಯಿಸಿ, ಬೂದಿ ಮತ್ತು ಬಾಳೆಎಲೆಯೊಡನೆ ಸುಮಾರು 40 ದಿನ ಮಣ್ಣಿನಲ್ಲಿ ಹೂತಿಟ್ಟರೆ ವಿಷ ಇಳಿದು ತಿರುಳು ಕಪ್ಪಾಗುತ್ತದೆ. ಮನುಷ್ಯರು ರುಚಿಗಾಗಿ ಎಷ್ಟು ತಾಳ್ಮೆಯಿಂದ ಕಾಯಬಲ್ಲರು ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಡ. ಪಕ್ಕದವರ ಮನಸ್ಸಿನ ವಿಷಯದಲ್ಲಿ ಅಷ್ಟು ಕಾಯುವ ತಾಳ್ಮೆ ನಮಗಿಲ್ಲ, ಆ ಮಾತು ಬೇರೆ.

ಕುದುಸ್‌ನಲ್ಲಿ ದನ ಏಕಿಲ್ಲ? ಕಾರಣ ಹುಡುಕಿದರೆ 16ನೇ ಶತಮಾನಕ್ಕೆ ಹೋಗಬೇಕಾಗುತ್ತದೆ. ಜಾವಾದಲ್ಲಿ ಇಸ್ಲಾಮ್ ಹರಡಿದ ಒಂಬತ್ತು ಮಂದಿ ಸಂತರನ್ನು ಅಲ್ಲಿನವರು ವಾಲಿ ಸೊಂಗೊ ಎಂದು ಕರೆಯುತ್ತಾರೆ. ಅವರಲ್ಲೊಬ್ಬರು ಜಾಫರ್ ಸಾದಿಕ್. ಸುನಾನ್ ಕುದುಸ್ ಎಂಬುದು ಅವರಿಗೆ ಜನ ಕೊಟ್ಟ ಹೆಸರು. ಅವರು ಬಂದಾಗ ಆ ಪ್ರದೇಶದ ಜನರಲ್ಲಿ ಬಹಳಷ್ಟು ಮಂದಿ ಹಿಂದೂಗಳು, ಗೋವನ್ನು ಪೂಜ್ಯವೆಂದು ತಿಳಿದವರು. ಐತಿಹ್ಯ ಹೇಳುವಂತೆ ಸುನಾನರು ಮಸೀದಿಯಂಗಳದಲ್ಲಿ ಒಂದು ಹಸುವನ್ನು ತಂದು ಕಟ್ಟಿದರು. ಮುಸ್ಲಿಮ್ ಗುರು ಹಸುವನ್ನೇಕೆ ಕಟ್ಟಿದ್ದಾರೆ, ಕೊಯ್ಯುವರೇ ಎಂದು ಜನ ಕುತೂಹಲದಿಂದ, ಆತಂಕದಿಂದ ನೆರೆದರು. ಸುನಾನರು ಕೊಯ್ಯಲಿಲ್ಲ. ಕುರ್‌ಆನಿನಲ್ಲಿ ಹಸುವಿನ ಹೆಸರನ್ನೇ ಹೊತ್ತ ‘ಅಲ್‌ಬಕರ’ ಅಧ್ಯಾಯದ ಬಗ್ಗೆ ಮಾತನಾಡಿದರು. ತಮ್ಮ ಅನುಯಾಯಿಗಳಿಗೆ, ಈ ಊರಿನಲ್ಲಿ ನೆರೆಯವರ ಮನಸ್ಸು ನೋಯದಂತೆ ದನ ಕೊಯ್ಯಬೇಡಿ ಎಂದು ಹೇಳಿದರು. ಅಂದಿನಿಂದ ಇಂದಿನವರೆಗೂ ಬಕ್ರೀದ್‌ಗೆ ಆ ಮಸೀದಿಯಲ್ಲಿ ಬಲಿ ಕೊಡುವುದು ಕೋಣ ಮತ್ತು ಆಡುಗಳನ್ನು.

ಈ ಪ್ರಸಂಗವನ್ನು ಕೇಳಿದಾಗ ನಮ್ಮಲ್ಲಿ ಎರಡು ಬಗೆಯ ಪ್ರತಿಕ್ರಿಯೆ ಬರುತ್ತದೆ. ಕೆಲವರು ಕಣ್ಣರಳಿಸಿ, ನೋಡಿ, ಎಷ್ಟು ಒಳ್ಳೆಯ ಮುಸ್ಲಿಮರು, ಇಲ್ಲಿಯವರಿಗೂ ಅಂಥ ಬುದ್ಧಿ ಬರಬಾರದೇ ಎನ್ನುತ್ತಾರೆ. ಇನ್ನು ಕೆಲವರು ಹುಬ್ಬು ಗಂಟಿಕ್ಕಿ, ಅಲ್ಲಾಹನು ಹಲಾಲ್ ಮಾಡಿದ್ದನ್ನು ಬೇಡವೆನ್ನಲು ಸುನಾನರಾರು ಎಂದು ಕೇಳುತ್ತಾರೆ. ಎರಡೂ ಮಾತುಗಳನ್ನು ನಾವು ಸುಮ್ಮನೆ ತಳ್ಳಿಹಾಕುವಂತಿಲ್ಲ.

ಎರಡನೆಯದನ್ನೇ ಮೊದಲು ನೋಡೋಣ, ಏಕೆಂದರೆ ಅದು ನಮ್ಮ ಮನೆಯೊಳಗಿನ ಪ್ರಶ್ನೆ. ಆಕ್ಷೇಪ ಎತ್ತುವವರ ಕೈಯಲ್ಲಿ ಬಲವಾದ ಪುರಾವೆಯೇ ಇದೆ. ಕುರ್‌ಆನಿನ ‘ಅತ್ತಹ್ರೀಮ್’ ಅಧ್ಯಾಯ ಆರಂಭವಾಗುವುದೇ ಪ್ರವಾದಿ(ಸ)ಯವರನ್ನು ಎಚ್ಚರಿಸುವ ಮಾತಿನಿಂದ. ಪತ್ನಿಯರನ್ನು ಮೆಚ್ಚಿಸಲಿಕ್ಕಾಗಿ ತಮಗೆ ಸಮ್ಮತವಾದುದನ್ನು ತಾವೇ ನಿಷೇಧಿಸಿಕೊಂಡದ್ದಕ್ಕೆ ಆ ಎಚ್ಚರಿಕೆ. ವರದಿಗಳಲ್ಲಿ ಒಂದರ ಪ್ರಕಾರ ಅವರು ಬಿಡುತ್ತೇನೆಂದದ್ದು ಜೇನನ್ನು. ಪ್ರವಾದಿಯವರಿಗೇ ಹೀಗಾದರೆ ಜಾವಾದ ಸಂತರ ಪಾಡೇನು?

ಆದರೆ ಪ್ರವಾದಿ(ಸ)ಯವರ ಊಟದ ಪಂಕ್ತಿಯಲ್ಲೇ ನಡೆದ ಇನ್ನೊಂದು ಪ್ರಸಂಗವೂ ಇದೆ. ಮರುಭೂಮಿಯ ಉಡವನ್ನು ಬೇಯಿಸಿ ಅವರ ಮುಂದಿಡಲಾಯಿತು. ಅವರು ಕೈ ಹಿಂದಕ್ಕೆ ತೆಗೆದುಕೊಂಡರು. ಇದು ನಿಷಿದ್ಧವೇ ಎಂದು ಖಾಲಿದ್ ಬಿನ್ ವಲೀದ್(ರ) ಕೇಳಿದರು. ಅಲ್ಲ, ನಮ್ಮ ಜನರ ನಾಡಿನಲ್ಲಿ ಇದು ಇರಲಿಲ್ಲ, ನನಗೆ ಒಗ್ಗದು ಎಂಬರ್ಥದ ಉತ್ತರ ಬಂತು. ಖಾಲಿದ್ ತಟ್ಟೆಯನ್ನು ತಮ್ಮತ್ತ ಎಳೆದುಕೊಂಡು ತಿಂದರು, ಪ್ರವಾದಿಯವರು ನೋಡುತ್ತಾ ಕುಳಿತರು. ಖೈಬರ್ ಜಯಿಸಿದ ದಿನಗಳಲ್ಲಿ ಹಸಿ ಬೆಳ್ಳುಳ್ಳಿ ತಿಂದು ಮಸೀದಿಗೆ ಬರಬೇಡಿ ಎಂದು ಹೇಳಿದಾಗ ಜನ ಬೆಳ್ಳುಳ್ಳಿ ಹರಾಮ್ ಆಯಿತೆಂದು ಗುಲ್ಲೆಬ್ಬಿಸಿದರು. ಅಲ್ಲಾಹನು ಸಮ್ಮತಿಸಿದ್ದನ್ನು ಹರಾಮ್ ಮಾಡುವ ಅಧಿಕಾರ ನನಗಿಲ್ಲ, ಅದರ ವಾಸನೆ ನನಗಾಗದು ಅಷ್ಟೇ ಎಂದು ಅವರು ಸ್ಪಷ್ಟಪಡಿಸಬೇಕಾಯಿತು. ಬೆಳ್ಳುಳ್ಳಿ ಹಲಾಲ್ ಆಗಿಯೇ ಉಳಿಯಿತು. ಪಕ್ಕದಲ್ಲಿ ನಿಂತು ನಮಾಝ್ ಮಾಡುವವನ ಮೂಗಿಗಾಗಿ ಅದನ್ನು ಆ ಹೊತ್ತಿಗೆ ಬಿಡುವುದು ಸಭ್ಯತೆಯಾಯಿತು.

ಹರಾಮ್ ಎನ್ನುವುದು ಬೇರೆ, ಬಿಡುವುದು ಬೇರೆ. ಈ ಎರಡರ ನಡುವಿನ ಗೆರೆ ತೆಳುವಾದರೂ ಗಟ್ಟಿಯಾದದ್ದು. ಸುನಾನ್ ಕುದುಸ್ ದನದ ಮಾಂಸ ಹರಾಮ್ ಎಂದು ಫತ್ವಾ ಕೊಟ್ಟಿದ್ದರೆ ಅವರು ತಪ್ಪಿತಸ್ಥರು. ಐತಿಹ್ಯದಲ್ಲಿ ಅವರು ಆಡಿದ ಮಾತಿನ ತೂಕ ನೆರೆಹೊರೆಯ ಮೇಲಿದೆ, ದನದ ಮೇಲಲ್ಲ. ಸಾರು ಮಾಡಿದರೆ ನೀರು ಹೆಚ್ಚು ಹಾಕಿ ನೆರೆಯವರಿಗೂ ಕೊಡು ಎಂದು ಅಬೂದರ್ರ್(ರ) ಅವರಿಗೆ ಪ್ರವಾದಿಯವರು ಹೇಳಿದ್ದರು. ಸಾರು ಎಂದೇ ಹೇಳಿದ್ದು! ಸೋತೋ ಬಟ್ಟಲನ್ನು ಮುಂದಿಟ್ಟುಕೊಂಡು ಈ ಮಾತನ್ನು ನೆನೆದರೆ ಸುನಾನರು ಮಾಡಿದ್ದು ಸರಳವಾಗಿ ಕಾಣುತ್ತದೆ. ನೆರೆಯವನು ಕುಡಿಯಲಾರದ ಸಾರಿಗೆ ಎಷ್ಟು ನೀರು ಸುರಿದರೇನು?

ಈಗ ಮೊದಲನೆಯ ಮಾತಿಗೆ ಬರೋಣ. ಇಲ್ಲಿಯವರಿಗೂ ಅಂಥ ಬುದ್ಧಿ ಬರಬಾರದೇ ಎನ್ನುವವರು ಮರೆಯುವ ಒಂದು ಸಂಗತಿಯಿದೆ. ಸುನಾನ್ ಕುದುಸ್ ದುರ್ಬಲರಾಗಿರಲಿಲ್ಲ. ಆ ಹೊತ್ತಿಗೆ ಮಜಪಹಿತ್ ಎಂಬ ಹಿಂದೂ ಸಾಮ್ರಾಜ್ಯ ಕುಸಿದು, ದೆಮಾಕ್‌ನ ಮುಸ್ಲಿಮ್ ಸುಲ್ತಾನರ ಕಾಲ ನಡೆಯುತ್ತಿತ್ತು. ಜಾವಾದ ಹಳೆಯ ವೃತ್ತಾಂತಗಳಲ್ಲಿ ಸುನಾನ್ ಕುದುಸ್ ದೆಮಾಕ್‌ನ ಸೇನಾನಿಯೂ ಹೌದು, ರಾಜಾಜ್ಞೆಗೆ ಎದುರಾದವರಿಗೆ ಮರಣದಂಡನೆ ನೀಡಿಸಿದ ಕಠಿಣ ಮನುಷ್ಯನೂ ಹೌದು. ಕತ್ತಿ ಅವರ ಕೈಯಲ್ಲಿತ್ತು. ದನ ಕೊಯ್ದರೆ ಕೇಳುವವರಿರಲಿಲ್ಲ. ಕೇಳುವವರಿಲ್ಲದಾಗ ಬಿಟ್ಟದ್ದರಿಂದಲೇ ಅದಕ್ಕೆ ಐದು ಶತಮಾನ ಬಾಳುವ ಬೆಲೆ ಬಂತು. ಅದೇ ಮನುಷ್ಯನಿಗೆ ಯಾರಾದರೂ ದೊಣ್ಣೆ ತೋರಿಸಿ ದನ ಬಿಡು ಎಂದಿದ್ದರೆ ಅವರು ಏನು ಮಾಡುತ್ತಿದ್ದರೆಂದು ಊಹಿಸುವುದು ಕಷ್ಟವಲ್ಲ.

ನಮ್ಮ ದೇಶದಲ್ಲೂ ಒಮ್ಮೆ ಇಂಥ ಗಳಿಗೆ ಬಂದಿತ್ತು. 1919ರ ನವೆಂಬರ್‌ನಲ್ಲಿ ದೆಹಲಿಯಲ್ಲಿ ಖಿಲಾಫತ್ ಸಮ್ಮೇಳನ ನಡೆದಾಗ ಗೋರಕ್ಷಣೆಯ ವಿಷಯವನ್ನೂ ಜೊತೆಗೆ ಸೇರಿಸುವ ಯೋಚನೆ ಬಂತು. ಗಾಂಧೀಜಿ ಒಪ್ಪಲಿಲ್ಲ. ಮುಸ್ಲಿಮರ ಬೇಡಿಕೆ ನ್ಯಾಯವೆನಿಸಿದರೆ ಬೆಂಬಲಿಸಬೇಕು, ಅದಕ್ಕೆ ಪ್ರತಿಯಾಗಿ ಗೋವನ್ನು ಕೇಳುವುದು ವ್ಯಾಪಾರವಾಗುತ್ತದೆ ಎಂಬುದು ಅವರ ನಿಲುವು. ಮರುತಿಂಗಳು ಅಮೃತಸರದಲ್ಲಿ ಹಕೀಮ್ ಅಜ್ಮಲ್ ಖಾನರ ಅಧ್ಯಕ್ಷತೆಯಲ್ಲಿ ಸೇರಿದ ಮುಸ್ಲಿಮ್ ಲೀಗ್, ಬಕ್ರೀದ್‌ನಲ್ಲಿ ಗೋವಿನ ಬದಲು ಬೇರೆ ಪ್ರಾಣಿಗಳನ್ನು ಬಲಿ ಕೊಡಿ ಎಂದು ಮುಸ್ಲಿಮರಿಗೆ ಕರೆಕೊಟ್ಟಿತು. ಕೇಳದೆ ಇದ್ದಾಗ ಕೊಟ್ಟರು. ಕೆಲವೇ ವರ್ಷಗಳಲ್ಲಿ ಆ ಹವೆ ಹೊರಟುಹೋಯಿತು, ಗಲಭೆಗಳು ಬಂದವು. ಆದರೂ ಕೇಳಬಾರದೆಂದ ಒಬ್ಬ, ಕೊಡೋಣವೆಂದ ಇನ್ನೊಬ್ಬ, ಇಬ್ಬರೂ ಒಂದೇ ಕಾಲದಲ್ಲಿ ಇದ್ದರು ಎಂಬುದು ಸಣ್ಣ ಸಂಗತಿಯಲ್ಲ.

ಇಂದಿನ ಸ್ಥಿತಿಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಕರ್ನಾಟಕದಲ್ಲಿ 1964ರಿಂದಲೇ ಒಂದು ಕಾನೂನಿತ್ತು. 2021ರಲ್ಲಿ ಜಾರಿಗೆ ಬಂದ 2020ರ ಜಾನುವಾರು ಹತ್ಯೆ ಪ್ರತಿಬಂಧಕ ಕಾಯ್ದೆ ಹಸು, ಕರು, ಎತ್ತು, ಹೋರಿಗಳ ಜೊತೆಗೆ 13 ವರ್ಷದೊಳಗಿನ ಎಮ್ಮೆ ಕೋಣಗಳನ್ನೂ ಜಾನುವಾರು ಎಂದು ಹೆಸರಿಸಿ ಕೊಯ್ಯುವುದನ್ನು ನಿಷೇಧಿಸಿತು. ಶಿಕ್ಷೆ ಮೂರರಿಂದ ಏಳು ವರ್ಷದ ಸೆರೆವಾಸ, 50 ಸಾವಿರದಿಂದ 5 ಲಕ್ಷದವರೆಗೆ ದಂಡ. ಕುದುಸ್‌ನಲ್ಲಿ ಕೋಣವೆಂಬುದು ನೆರೆಯವರ ಮನಸ್ಸಿಗೂ ನಮ್ಮ ಹಬ್ಬಕ್ಕೂ ನಡುವೆ ಸಿಕ್ಕ ದಾರಿಯಾಗಿತ್ತು. ಈ ಕಾಯ್ದೆ ಆ ದಾರಿಯನ್ನೂ ಬಹುಮಟ್ಟಿಗೆ ಮುಚ್ಚಿತು. ಇದು ಮುಸ್ಲಿಮರ ಊಟದ ಮಾತು ಮಾತ್ರವೂ ಅಲ್ಲ. ದಲಿತರ, ಕ್ರೈಸ್ತರ ತಟ್ಟೆಯೂ ಇದರಲ್ಲಿದೆ, ಮುದಿ ಜಾನುವಾರನ್ನು ಮಾರಿ ಮುಂದಿನ ಬೆಳೆಗೆ ದುಡ್ಡು ಹೊಂದಿಸುವ ರೈತನ ಲೆಕ್ಕವೂ ಇದೆ. ಕಾನೂನಿರುವಾಗ ಅದನ್ನು ಪಾಲಿಸಬೇಕು, ಒಪ್ಪದಿದ್ದರೆ ನ್ಯಾಯಾಲಯದಲ್ಲಿ, ಸದನದಲ್ಲಿ ಪ್ರಶ್ನಿಸಬೇಕು. ಅದರಲ್ಲಿ ನಮಗೆ ಎರಡು ಮಾತಿಲ್ಲ. ನಮ್ಮ ಸಂಕಟ ಬೇರೆ. ಕಸಿದುಕೊಂಡ ಮೇಲೆ ಕೊಡಲಿಕ್ಕೆ ನಮ್ಮ ಬಳಿ ಏನುಳಿಯಿತು? ಗೌರವದಿಂದ ಬಿಟ್ಟವನೂ ಜೈಲಿಗೆ ಹೆದರಿ ಬಿಟ್ಟವನೂ ಹೊರಗಿನಿಂದ ಒಂದೇ ತೆರನಾಗಿ ಕಾಣುತ್ತಾರೆ. ನೆರೆಯವನಿಗೂ ನಾವು ಬಿಟ್ಟದ್ದು ತನಗಾಗಿಯೋ ಪೊಲೀಸರಿಗಾಗಿಯೋ ತಿಳಿಯುವುದಿಲ್ಲ. ಕಾನೂನು ನಮ್ಮಿಂದ ಮಾಂಸದ ತುಂಡನ್ನಷ್ಟೇ ತೆಗೆದುಕೊಂಡಿಲ್ಲ, ಉದಾರಿಯಾಗುವ ಅವಕಾಶವನ್ನೂ ತೆಗೆದುಕೊಂಡಿದೆ.

ಈ ಮಾತನ್ನು ಹೇಳಿದ ಮೇಲೆ ನಾವು ನಮ್ಮನ್ನೂ ಕೇಳಿಕೊಳ್ಳಬೇಕು. ಕಾನೂನು ಇಷ್ಟು ಬಿಗಿಯಾಗುವ ಮೊದಲು ಆ ಅವಕಾಶ ನಮಗಿತ್ತಲ್ಲ, ಎಷ್ಟು ಬಳಸಿಕೊಂಡೆವು? ಬಳಸಿಕೊಂಡವರು ಇದ್ದರು. ಹಬ್ಬದ ದಿನ ನೆರೆಯವರಿಗೆಂದು ಮಾಂಸದ ಚಮಚ ಸೋಕದ ಬೇರೆ ಪಾತ್ರೆಯಲ್ಲಿ ಪಾಯಸ ಮಾಡುವ ತಾಯಂದಿರು ನಮ್ಮ ಊರುಗಳಲ್ಲಿ ಈಗಲೂ ಇದ್ದಾರೆ. ಯಾವ ಮೌಲವಿಯೂ ಅವರಿಗೆ ಅದನ್ನು ಹೇಳಿಕೊಟ್ಟಿಲ್ಲ. ಆದರೆ ಹಕ್ಕು ಎಂಬ ಮಾತು ಬಂದೊಡನೆ, ಬೇಕಿಲ್ಲದಿದ್ದರೂ ತೋರಿಸಿ ತಿನ್ನುವ ಹಟ ನಮ್ಮ ಕೆಲವು ತರುಣರಲ್ಲಿ ಕಂಡಿದ್ದು ಸುಳ್ಳಲ್ಲ. ಹಕ್ಕನ್ನು ಉಳಿಸಿಕೊಳ್ಳಲು ಹೋರಾಡುವುದೂ ಅದೇ ಹಕ್ಕನ್ನು ನೆರೆಯವನ ಕಣ್ಣಿಗೆ ಚುಚ್ಚುವುದೂ ಒಂದೇ ಅಲ್ಲ.

ಕೊಟ್ಟವನಿಗೂ ಒಂದು ಪರೀಕ್ಷೆಯಿದೆ. ನಾವು ನಿಮಗಾಗಿ ಇಷ್ಟು ಬಿಟ್ಟೆವು, ನೀವೇನು ಕೊಟ್ಟಿರಿ ಎಂದು ಬಿಲ್ಲು ಹಿಡಿದು ನಿಂತರೆ ಕೊಟ್ಟದ್ದು ಸಾಲವಾಗಿಬಿಡುತ್ತದೆ. ದಾನವನ್ನು ಎತ್ತಾಡಿ ಹಾಳುಮಾಡಬೇಡಿ ಎಂದು ಕುರ್‌ಆನ್ ಎಚ್ಚರಿಸಿದೆ. ಕುದುಸ್‌ನ ವಿಷಯದಲ್ಲಿ ನಮ್ಮನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಇದೇ. ಯಾಕೆಂದರೆ ಅಲ್ಲಿ ಈಗ ಬಿಲ್ಲು ತೋರಿಸಲು ಎದುರಿಗೆ ಯಾರೂ ಇಲ್ಲ. ಯಾರ ಮನಸ್ಸು ನೋಯಬಾರದೆಂದು ದನ ಬಿಟ್ಟರೋ ಅವರ ಮಕ್ಕಳು ಮೊಮ್ಮಕ್ಕಳು ಕಾಲಕ್ರಮದಲ್ಲಿ ಮುಸ್ಲಿಮರಾದರು. ಇಂದು ಆ ಊರಿನಲ್ಲಿ ಹಿಂದೂಗಳು ಬೆರಳೆಣಿಕೆಯಷ್ಟು. ಅತಿಥಿ ಹೋದ ಮೇಲೂ ಎಲೆ ಹಾಸಿಯೇ ಇದೆ.

ಇದು ಬರೀ ರೂಢಿ, ಅರ್ಥ ಕಳೆದುಕೊಂಡ ಆಚಾರ ಎಂದು ಯಾರಾದರೂ ಹೇಳಬಹುದು. ದನ ಕೊಯ್ದರೆ ಕೇಡಾಗುತ್ತದೆ ಎಂಬ ನಂಬಿಕೆಯೂ ಅಲ್ಲಿ ಕೆಲವರಲ್ಲಿದೆ. ಗೌರವವಾಗಿ ಹುಟ್ಟಿದ್ದು ಭಯವಾಗಿ ಕೊನೆಗೊಂಡರೆ ಅದು ನಷ್ಟವೇ. ಆದರೆ ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಸೋತೋ ಎಂಬ ಅಡುಗೆ ಜಾವಾಕ್ಕೆ ಬಂದದ್ದು ಚೀನೀ ವಲಸಿಗರ ಅಡುಗೆಮನೆಯಿಂದ ಎಂದು ಫ್ರೆಂಚ್ ಇತಿಹಾಸಕಾರ ದೆನಿ ಲೊಂಬಾರ್ ಅಭಿಪ್ರಾಯಪಟ್ಟಿದ್ದಾರೆ. ಹಾಗಿದ್ದರೆ ಸುನಾನ್ ಕುದುಸ್ ಅವರು ಸೋತೋ ಕುದುಸ್ ತಿಂದಿರಲಿಕ್ಕಿಲ್ಲ. ಅಡುಗೆ ಹೊಸದು, ಮಾತು ಹಳೆಯದು. ಹೊರಗಿನಿಂದ ಹೊಸ ಸಾರು ಬಂದಾಗ ಊರಿನವರು ಅದನ್ನು ತಮ್ಮ ಹಿರಿಯರ ಮಾತಿಗೆ ಹೊಂದಿಸಿಕೊಂಡರು, ಮಾತನ್ನು ಸಾರಿಗೆ ಹೊಂದಿಸಲಿಲ್ಲ. ಸತ್ತ ಆಚಾರಕ್ಕೆ ಹೀಗೆ ಹೊಸದನ್ನು ತನ್ನೊಳಗೆ ತೆಗೆದುಕೊಳ್ಳುವ ಶಕ್ತಿ ಇರುವುದಿಲ್ಲ.

(ಕೋಣದ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ ಎಂದು ಓದುಗರೊಬ್ಬರು ಹೇಳಬಹುದು. ನಿಜ. ಮನುಷ್ಯರು ಪರಸ್ಪರ ತೋರುವ ಸೌಜನ್ಯದ ಬೆಲೆಯನ್ನು ಹೆಚ್ಚಿನ ಸಲ ಮೂರನೆಯವರೇ ತೆರುತ್ತಾರೆ.)

ಎದುರಿಗಿರುವ ನೆರೆಯವರ ಜೊತೆ ಇದೇ ಮಾತು ಹೇಗೆ ನಡೆಯುತ್ತದೆಂದು ತಿಳಿಯಲು ಜಾವಾದಿಂದ ಪೂರ್ವಕ್ಕಿರುವ ಬಾಲಿ ದ್ವೀಪಕ್ಕೆ ಹೋಗಬೇಕು. ಅಲ್ಲಿ ಹಿಂದೂಗಳು ಬಹುಸಂಖ್ಯಾತರು, ಮುಸ್ಲಿಮರು ಅಲ್ಪಸಂಖ್ಯಾತರು. ಹಬ್ಬದ ಮುಖ್ಯ ಅಡುಗೆಗಳಲ್ಲಿ ಹಂದಿಯದ್ದು ಹೆಚ್ಚು. ಉತ್ತರ ಬಾಲಿಯಲ್ಲಿ ಪೆಗಾಯಾಮಾನ್ ಎಂಬ ಹಳೆಯ ಮುಸ್ಲಿಮ್ ಹಳ್ಳಿಯಿದೆ. ಅಲ್ಲಿನ ಮಕ್ಕಳಿಗೆ ಮುಸ್ಲಿಮ್ ಹೆಸರಿನ ಮುಂದೆ ವಾಯಾನ್, ಕೆತುತ್ ಎಂಬ ಬಾಲಿಯ ಹೆಸರುಗಳೂ ಇರುತ್ತವೆ. ಬಾಲಿಯಲ್ಲಿ ಹಬ್ಬದ ದಿನ ನೆರೆಮನೆಗೆ ತಿನಿಸು ಒಯ್ಯುವುದಕ್ಕೆ ‘ಙೆಜೊತ್’ ಎನ್ನುತ್ತಾರೆ. ಹಿಂದೂಗಳ ಗಲುಂಗಾನ್ ಹಬ್ಬಕ್ಕೆ ಮುಸ್ಲಿಮ್ ನೆರೆಯವರ ಮನೆಗೆ ಹೋಗುವ ಬುಟ್ಟಿಯಲ್ಲಿ ಹಣ್ಣು, ಸಿಹಿ ತಿಂಡಿ ಮುಂತಾದ, ಅವರು ತಿನ್ನಬಹುದಾದುದೇ ಇರುತ್ತದೆ, ಹಂದಿ ಇರುವುದಿಲ್ಲ. ಈದ್ ಬಂದಾಗ ಬುಟ್ಟಿ ಮರಳಿ ಬರುತ್ತದೆ. ಇಲ್ಲಿ ಕತ್ತಿ ಇನ್ನೊಬ್ಬರ ಕೈಯಲ್ಲಿದೆ. ಬಿಡುವವರು ಹಿಂದೂಗಳು. ತಮ್ಮ ಹಬ್ಬದ ಅತ್ಯುತ್ತಮ ತುಂಡನ್ನು ಕಳುಹಿಸದೆ ಇರುವುದೇ ಅವರು ತೋರುವ ಗೌರವ. ಯಾವ ಕಾಯ್ದೆಯೂ ಅವರಿಗೆ ಅದನ್ನು ವಿಧಿಸಿಲ್ಲ.

ಅಬ್ದುಲ್ಲಾ ಬಿನ್ ಅಮ್ರ್(ರ) ಅವರ ಮನೆಯಲ್ಲಿ ಆಡು ಕೊಯ್ದ ದಿನ ಅವರು ಮನೆಯವರನ್ನು ಮತ್ತೆ ಮತ್ತೆ ಕೇಳಿದರಂತೆ, ನಮ್ಮ ಯಹೂದಿ ನೆರೆಯವನಿಗೆ ಕೊಟ್ಟಿರಾ, ಕೊಟ್ಟಿರಾ ಎಂದು. ನೆರೆಯವನಿಗೆ ವಾರಸುದಾರಿಕೆಯನ್ನೂ ಕೊಡಿಸುವರೇನೋ ಎನ್ನುವಷ್ಟರ ಮಟ್ಟಿಗೆ ಜಿಬ್ರೀಲರು ನನಗೆ ತಾಕೀತು ಮಾಡುತ್ತಿದ್ದರು ಎಂಬ ಪ್ರವಾದಿವಚನವನ್ನು ಅವರು ನೆನಪಿಸಿಕೊಂಡರು. ಕುದುಸ್ ಮತ್ತು ಪೆಗಾಯಾಮಾನ್‌ಗಳಲ್ಲಿ ಈ ಹದೀಸ್ ಅಡುಗೆಯಾಗಿದೆ ಎಂದರೆ ಅತಿಶಯವಾಗದು.

ಪ್ರತಿ ವರ್ಷ ಮುಹರ್ರಮ್ 10ರಂದು ಕುದುಸ್‌ನಲ್ಲಿ ಸುನಾನರ ಗೋರಿಯ ಸುತ್ತಲಿನ ಬಟ್ಟೆಯನ್ನು ಬದಲಿಸುತ್ತಾರೆ. ಗೋರಿಗಳ ಬಳಿ ನಡೆಯುವ ಆಚರಣೆಗಳ ಬಗ್ಗೆ ನಮ್ಮ ಓದುಗರಲ್ಲಿ ಭಿನ್ನಾಭಿಪ್ರಾಯವಿದೆ, ಆ ಚರ್ಚೆಯನ್ನು ನಾವು ಇಲ್ಲಿ ತೆಗೆಯುವುದಿಲ್ಲ. ಅಂದು ಸಾವಿರಾರು ಜನರಿಗೆ ‘ನಾಸಿ ಜಂಕ್ರಿಕ್’ ಎಂಬ ಅನ್ನದ ಪೊಟ್ಟಣ ಹಂಚಲಾಗುತ್ತದೆ. ಊರಿನವರು ತಂದುಕೊಟ್ಟ ಅಕ್ಕಿ, ಕೋಣ, ಆಡುಗಳನ್ನು ರಾತ್ರಿಯಿಡೀ ಬೇಯಿಸಿ, ತೇಗದ ಎಲೆಯಲ್ಲಿ ಕಟ್ಟಿ ಕೊಡುತ್ತಾರೆ. ಬೆಳಗಾಗುವ ಮೊದಲೇ ಗಲ್ಲಿಗಳಲ್ಲಿ ಸಾಲು ನಿಂತಿರುತ್ತದೆ. ಮುದುಕಿಯರು, ಕೂಲಿಯವರು, ಶಾಲೆಯ ಹುಡುಗರು. ಪೊಟ್ಟಣ ಬಿಸಿಯಾಗಿರುತ್ತದೆ, ಕೈಯಿಂದ ಕೈಗೆ ಬದಲಿಸುತ್ತಾ ಮನೆಗೆ ಒಯ್ಯುತ್ತಾರೆ. ಅದರಲ್ಲಿ ದನದ ಮಾಂಸ ಏಕಿಲ್ಲವೆಂದು ಆ ಸಾಲಿನಲ್ಲಿ ಯಾರೂ ಕೇಳುವುದಿಲ್ಲ.